ನಮ್ಮನೆಯ ಮೂಗಿ ಅತ್ತೆ

...ಅಯ್ಯೋ, ನಿಂತೇ ಇದೀಯಲ್ಲ ಮೊರ್ದೋ, ಕೂತ್ಕೋ! ವರ್ಷವೆಲ್ಲ ಬೆಟ್ಟದಲ್ಲಿ ಜರ್ಮನರ ವಿರುದ್ಧ ಬಂದೂಕು ಹೊತ್ತು ಬಂದೋನು... ಈ ಗರುಫಾಲಿಯಾ ಅಕ್ಕನ ಮನೇಲಿ ಸಂಕೋಚವೇ? ಆಲಿವ್ ತಗೋ. ಜೋಳದ ಬ್ರೆಡ್ಡು, ಗಟ್ಟಿ. ನೆನೆಸ್ಕೊಂಡು ತಿನ್ನು.

ನಿಮ್ಮಮ್ಮನ ವಿಷಯ ಹೇಳ್ತಿದ್ದೆ, ಅಲ್ವಾ? ಹೂಂ... ಜ್ವರ ತಮ್ಮಾ. ಆಗಸ್ಟಿನಲ್ಲಿ. ನಿದ್ದೇಲೇ ಹೋದ್ರು. ನೋವು ಗೀವು ಏನೂ ಇಲ್ಲ.

ನೀನು ಅವರನ್ನ ಇಲ್ಲಿ ಬಿಟ್ಟುಹೋದ ದಿನವೇ ಊರಿಗೆಲ್ಲ ಹೇಳ್ಬಿಟ್ಟೆ, ಇವರು ನಮ್ಮೆಜಮಾನರ ಸೋದರತ್ತೆ, ಹುಟ್ಟು ಮೂಗಿ ಅಂತ. ಇನ್ನೇನ್ಮಾಡ್ಲಿ? ನೀವು ಯಹೂದಿಗಳು ಮನೇಲಿ ಆಡೋ ಆ ಹಳೇ ಸ್ಪ್ಯಾನಿಷ್ ಬಿಟ್ರೆ ಅವರಿಗೆ ಗ್ರೀಕ್ ನಾಲ್ಕು ಮಾತೂ ನೆಟ್ಟಗೆ ಬರ್ತಿರ್ಲಿಲ್ಲ. ಬಾಯಿ ತೆಗೆದ್ರೆ ಸಾಕು, ಯಹೂದಿ ಅಂತ ಜರ್ಮನರಿಗೆ ಗೊತ್ತಾಗ್ತಿತ್ತು. ಊರು ನಂಬ್ತಾ ಅಂತೀಯಾ? ಎಲ್ಲಿ ನಂಬುತ್ತೆ! ವೋಲೋಸ್ ಪೇಟೇಲಿ ನಿಮ್ಮಂಗಡಿಯ ಬಟ್ಟೆ ತರದೋರು ಯಾರಿದ್ರು ಇಲ್ಲಿ? ಎಲ್ರಿಗೂ ಗೊತ್ತಿತ್ತು. ಒಬ್ರೂ... ಒಬ್ರೂ ಹೇಳ್ಲಿಲ್ಲ ಕಣೋ.

ಒಂದಿನ ಬ್ರೆಡ್ಡಿನ ಸಾಲಲ್ಲಿ ಯಾರೋ ಅಮ್ಮನ ಕಾಲು ತುಳಿದ್ರು. ಅಮ್ಮ ಜೋರಾಗಿ ಬೈದೇಬಿಟ್ರು, ನಿಮ್ಮ ಭಾಷೇಲಿ! ಎದುರಿಗೇ ಇಬ್ಬರು ಜರ್ಮನ್ ಸೈನಿಕರು. ತಕ್ಷಣ ಪಾದ್ರಿಯ ಹೆಂಡತಿ ಸ್ತಮಾತಿಯಾ ಕೆಮ್ಮೋಕೆ ಶುರು ಮಾಡಿದ್ಲು. ಆಮೇಲೆ ಬೇಕರಿಯವನು. ಆಮೇಲೆ ಇಡೀ ಸಾಲೇ ಕೆಮ್ಮು! ಕ್ಷಯ ಅಂದ್ಕೊಂಡು ಇಬ್ರೂ ಮೂಗು ಮುಚ್ಚಿಕೊಂಡು ಓಡಿದ್ರು... ನಗು, ನೀನೂ ನಗು. ಮನೆಗೆ ಬಂದು ಅಮ್ಮನೂ ಹೀಗೇ ನಕ್ಕಿದ್ರು, ಹೊಟ್ಟೆ ಹಿಡ್ಕೊಂಡು.

ಯಾಕೆ, ತಿನ್ನೋದು ನಿಲ್ಲಿಸಿದೆ? ...ಕೊನೇಲಿ ಏನಂದ್ರು ಅಂತಾನಾ? ಏನೂ ಅನ್ಲಿಲ್ಲ. ಹೇಳಿದ್ನಲ್ಲ, ನಿದ್ದೇಲಿ... ನಿದ್ದೇಲೇ...

ಹಾಗೆ ನೋಡ್ಬೇಡ ಮೊರ್ದೋ. ಏನಾದ್ರೂ ಕೇಳು. ಬೈಯೋದಾದ್ರೂ ಬೈಯಿ!

...ಅವತ್ತು ಬೆಳಿಗ್ಗೆ ಹತ್ತು ಗಂಟೆ. ಜರ್ಮನರು ಮನೆಮನೆ ಹುಡುಕ್ತಾ ಬಂದ್ರು. ಪಕ್ಕದ ಮನೇಲಿ ಬೂಟಿನ ಸದ್ದು. ಅಮ್ಮನಿಗೆ ಜ್ವರ ನೆತ್ತಿಗೇರಿತ್ತು, ಮೈಮೇಲೆ ಪ್ರಜ್ಞೆ ಇಲ್ಲ. ಕೂಗೋಕೆ ಶುರು ಮಾಡಿದ್ರು, ಜೋರಾಗಿ. ನಾನು ಬಾಯಿ ಮೇಲೆ ಕೈಯಿಟ್ಟೆ. ಮೆಲ್ಲಗೇ ಇಟ್ಟೆ, ದೇವರಾಣೆ! ಬೂಟಿನ ಸದ್ದು ಹತ್ರ ಬಂತು... ಒತ್ತಿದೆ. ಜರ್ಮನರು ಒಳಗೆ ಬರ್ಲೇ ಇಲ್ಲ ಕಣೋ. ಬಾಗಿಲ ಮುಂದಿನಿಂದ ಹಾಗೇ ಹೋಗ್ಬಿಟ್ರು. ಹೋದ ಮೇಲೂ ನಾನು... ಕೈ ತೆಗೆಯೋದು ಮರ್ತೇಹೋಯ್ತು ತಮ್ಮಾ.

ಏನಂತ ಕೂಗ್ತಿದ್ರು ಅಂತಾನಾ?

ನಿನ್ನೇ ಕಣೋ. ನಿನ್ನ ಹೆಸರು ಹಿಡಿದೇ ಕೂಗ್ತಿದ್ರು.