ನಮ್ಮ ಮನೆಯ ಸ್ಲಾವಾ ದಿನ ಎತ್ತಿದ ಗ್ಲಾಸುಗಳ ವಿಚಾರ

ಹೆಸರು: ರುಜಿತ್ಸಾ ವುಯಾಟೊವಿಚ್, ದಿವಂಗತ ಬ್ರಾನಿಸ್ಲಾವ್ ಅವರ ಪತ್ನಿ. ವಯಸ್ಸು: 58 ವರ್ಷ. ಕಸುಬು: ಹೆಂಗಸರ ಕೂದಲು ಕತ್ತರಿಸುವ ಅಂಗಡಿ. ವಾಸ: ಮನೆ ನಂ. 11, ಕೆಳಬೀದಿ, ಯಾಸೆನೊವ್ ಲುಗ್, ಸಾವಾ ನದಿಯ ಬಲದಂಡೆ, ಸೆರ್ಬಿಯಾ.

ನಮ್ಮ ಪುರಸಭೆಯ ಅಧ್ಯಕ್ಷ ಸ್ರೆತೆನ್ ಗವ್ರಿಚ್, ತನ್ನನ್ನೂ ಒಂಬತ್ತು ಮಂದಿ ಸದಸ್ಯರನ್ನೂ ನಾನು ಮನೆಯಲ್ಲಿ ಕೂಡಿಹಾಕಿದೆನೆಂದು ದೂರು ಕೊಟ್ಟ ಮೇರೆಗೆ ಈ ದಿನ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ಕೂಡಿಹಾಕಿದ್ದು ನಿಜ. ಯಾಕೆ ಎನ್ನುವುದನ್ನೂ ಬರೆದುಕೊಳ್ಳಬೇಕು.

ನಮ್ಮ ಊರಿನ ಮೇಲ್ಭಾಗದ ಹುಲ್ಲುಗಾವಲು ನೆರೆ ವಲಯದಲ್ಲಿದೆ. ನದಿ ತುಂಬಿದಾಗ ನೀರನ್ನು ಅಲ್ಲಿಗೆ ಬಿಡುತ್ತಾರೆ, ಆದ್ದರಿಂದ ನಾವು ಬದುಕಿದ್ದೇವೆ. ಆ ಜಾಗದಲ್ಲಿ ರಟ್ಟಿನ ಪೆಟ್ಟಿಗೆ ಕಾರ್ಖಾನೆ ಕಟ್ಟಲು ಹುಲ್ಲುಗಾವಲನ್ನು ವಲಯದಿಂದ ತೆಗೆದು, ಬದಲಿಗೆ ನಮ್ಮ ಕೆಳಬೀದಿಯನ್ನು ಸೇರಿಸುವ ಪ್ರಸ್ತಾಪ ಪುರಸಭೆಯ ಮುಂದಿದೆ. ಅಂದರೆ ನೀರು ಬಂದರೆ ಒಡ್ಡು ತೆಗೆದು ನಮ್ಮ ಮನೆಗಳ ಮೇಲೆ ಬಿಡುವುದು. ಎರಡು ಸಲ ಸಭೆ ಕರೆದರು. ಎರಡೂ ಸಲ ಬೀದಿಯವರೆಲ್ಲ ಹೋಗಿ ಕೂತೆವು. ಎರಡೂ ಸಲ ಅಧ್ಯಕ್ಷನಿಗೆ ತಲೆನೋವು ಬಂದು ಸಭೆ ಮುಂದಕ್ಕೆ ಹೋಯಿತು.

ನಿನ್ನೆ, ಡಿಸೆಂಬರ್ 19, ಸಂತ ನಿಕೋಲಾನ ದಿನ. ನಮ್ಮ ಮನೆತನದ ಸ್ಲಾವಾ, ಅಂದರೆ ಮನೆ ಕಾಯುವ ಸಂತನ ಹಬ್ಬ. ಸ್ಲಾವಾಕ್ಕೆ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಯಾರೂ ಬೇಡ ಅನ್ನುವುದಿಲ್ಲ. ಮನೆಯ ಯಜಮಾನ ದಿನವಿಡೀ ನಿಂತೇ ಬಡಿಸಬೇಕು. ಗಂಡ ಹೋದ ಮೇಲೆ ಆ ನಿಲ್ಲುವ ಕೆಲಸ ನನ್ನದು.

ಮಧ್ಯಾಹ್ನ 1.30ಕ್ಕೆ ಎರಡು ಕಾರುಗಳಲ್ಲಿ ಹತ್ತೂ ಜನ ಬಂದರು. ಅವರಲ್ಲಿ ಮಿಲಿಸಾವ್ ಒಬ್ಬ. ಅವನೂ ಪುರಸಭೆ ಸದಸ್ಯ, ನನ್ನ ಮಗಳಿಗೆ ಜ್ಞಾನಸ್ನಾನದಲ್ಲಿ ಹೆಸರಿಟ್ಟ ಕೂಮ್. ನಮ್ಮಲ್ಲಿ ಕೂಮ್ ಅಂದರೆ ಒಡಹುಟ್ಟಿದವನಿಗಿಂತ ಒಂದು ಕೈ ಮೇಲು. ಅವನಿದ್ದಾನಲ್ಲ ಎಂದು ನನಗೆ ಧೈರ್ಯವೇ ಆಯಿತು. ಕರೆಯದೆ ಬಂದ್ವಿ, ಕೋಪ ಇಲ್ಲ ತಾನೇ ರುಜಾ ಅಕ್ಕಾ ಎಂದು ಅಧ್ಯಕ್ಷ ಹಲ್ಲು ಕಿರಿದ. ಸ್ಲಾವಾಕ್ಕೆ ಯಾರು ಯಾರನ್ನ ಕರೀತಾರಪ್ಪಾ, ಶೂ ಬಿಚ್ಚಿ ಒಳಗೆ ಬನ್ನಿ ಎಂದೆ. ಬಾಗಿಲಲ್ಲೇ ಎಲ್ಲರಿಗೂ ಒಂದೊಂದು ಚಮಚ ಬೆಂದ ಗೋಧಿ ಕೊಟ್ಟೆ. ಉಪವಾಸದ ಕಾಲವಾದ್ದರಿಂದ ಮಾಂಸವಿಲ್ಲ. ಮೀನು ಮತ್ತು ಒಲೆಯಲ್ಲಿ ಬೇಯಿಸಿದ ಬೀನ್ಸ್ ಬಡಿಸಿದೆ. ಕುಡಿಯಲು ರಾಕಿಯಾ, ಪ್ಲಮ್ ಹಣ್ಣಿನ ಸಾರಾಯಿ, ಕೊಟ್ಟೆ. ಅಧ್ಯಕ್ಷ ಎರಡು ಸಲ ಮೀನು ಹಾಕಿಸಿಕೊಂಡ, ಇದನ್ನೂ ಬರೆಯಿರಿ.

ಸುಮಾರು 2.40ಕ್ಕೆ ಸಂತನ ಹೆಸರಿನಲ್ಲಿ ಎಲ್ಲರೂ ಎದ್ದು ನಿಂತು ಗ್ಲಾಸು ಎತ್ತಿದರು. ಆಗ ಅಧ್ಯಕ್ಷ ಒಂದೇ ಉಸಿರಿಗೆ ಹೀಗೆಂದ: ಈ ಮನೆಗೆ ಒಳ್ಳೇದಾಗ್ಲಿ, ಆರೋಗ್ಯ ಇರ್ಲಿ, ಇದು ಪುರಸಭೆ ತುರ್ತು ಸಭೆ, ಹತ್ತೊಂಬತ್ತರಲ್ಲಿ ಹತ್ತು ಜನ ಹಾಜರಿದ್ದೀವಿ, ನೆರೆ ವಲಯ ಬದಲಾಯಿಸೋಕೆ ಒಪ್ಪೋರು ಕೈ ಎತ್ತಿ, ಎತ್ತಿದ್ದಾರೆ, ಹತ್ತು, ಪಾಸಾಯ್ತು, ಜಿವೆಲಿ! ಎಲ್ಲರೂ ನಕ್ಕು ಕುಡಿದರು. ತಮಾಷೆ ಅಂತ ನಾನೂ ನಕ್ಕೆ. ನಗು ಬಾಯಲ್ಲಿರುವಾಗಲೇ ಅವನು ಫೋನ್ ತೆಗೆದು ಕಾರ್ಖಾನೆಯವರಿಗೆ, ಪಾಸಾಯ್ತು ಸ್ವಾಮೀ, ಗುರುವಾರ ಯಂತ್ರ ಕಳಿಸಿ ಎಂದ.

ನಾನು ಹೊರಗೆ ಹೋಗಿ ಗೇಟಿಗೆ ಬೀಗ ಹಾಕಿ ಕೀ ಏಪ್ರನ್ ಜೇಬಿಗೆ ಹಾಕಿಕೊಂಡು ಬಂದೆ. ಸ್ಲಾವಾ ದಿನ ಗೇಟಿಗೆ ಬೀಗ ಹಾಕಿದವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ. ಹಾಕುವಾಗ ನನಗೆ ಅಳು ಬಂತು. ಒಳಗೆ ಬಂದು, ಕೇಕ್ ಇನ್ನೂ ಇದೆ, ಕೂತ್ಕೊಳ್ಳಿ, ಯಾರ್ಯಾರು ಯಾತಕ್ಕೆ ಗ್ಲಾಸ್ ಎತ್ತಿದ್ರಿ ಅಂತ ಒಬ್ಬೊಬ್ಬರೇ ಹೇಳಿ, ಆಮೇಲೆ ಬೀಗ ತೆಗೀತೀನಿ ಎಂದೆ.

ಶಾಲೆಯ ಟೀಚರ್ ವುಕೊಸಾವಾ, ನಾನು ಸಂತನಿಗೆ ಎತ್ತಿದ್ದು ಕಣಮ್ಮಾ, ರಟ್ಟಿನ ಪೆಟ್ಟಿಗೆಗಲ್ಲ, ನನ್ನಾಣೆ ಎಂದರು. ದನದ ಡಾಕ್ಟರು ಅಷ್ಟು ಹೊತ್ತಿಗೆ ಚೆನ್ನಾಗಿಯೇ ಏರಿಸಿದ್ದರು. ನಾನು ಒಂದು ಕೈಲಿ ಗ್ಲಾಸು, ಇನ್ನೊಂದು ಕೈಲಿ ಮೀನು ಎತ್ತಿದ್ದೆ, ನಂದು ಎರಡು ವೋಟಾ ಎಂದು ಅಧ್ಯಕ್ಷನನ್ನೇ ಕೇಳಿದರು. ಹೀಗೆ ಎಂಟು ಜನ ಎಲ್ಲರ ಮುಂದೆ, ನಾವು ಮತ ಹಾಕಿಲ್ಲ ಎಂದರು. ಅಧ್ಯಕ್ಷ, ಎಲ್ರಿಗೂ ಮೊದಲೇ ತಿಳಿಸಿದ್ದೆ, ಈಗ ಹೆದರಿಕೊಂಡು ಉಲ್ಟಾ ಹೊಡೀತಿದ್ದಾರೆ ಎಂದ. ಮಿಲಿಸಾವ್ ಮಾತ್ರ ತಟ್ಟೆಯಲ್ಲಿದ್ದ ಮುಳ್ಳುಗಳನ್ನು ಒಂದು ಬದಿಗೆ ಸರಿಸುತ್ತ ಕೂತಿದ್ದ.

3.50ಕ್ಕೆ ಬೀಗ ತೆಗೆದೆ. ಅಷ್ಟು ಹೊತ್ತೂ ನಾನು ಯಾರ ಮೈಯನ್ನೂ ಮುಟ್ಟಿಲ್ಲ, ಯಾರಿಗೂ ಕೆಟ್ಟ ಮಾತಾಡಿಲ್ಲ. ಕೇಕ್ ಕೂಡ ಎರಡನೇ ಸಲ ಬಡಿಸಿದ್ದೇನೆ. ಎಲ್ಲರೂ ಕಾರಿನತ್ತ ಹೋದ ಮೇಲೆ ಮಿಲಿಸಾವ್ ಗೇಟಿನ ಹತ್ತಿರ ನಿಂತ. ಅಧ್ಯಕ್ಷ ಬರೋವಾಗ ಕಾರಲ್ಲೇ ನನ್ನ ಕಿವೀಲಿ ಹೇಳಿದ್ದ ಕೂಮಾ, ಗ್ಲಾಸ್ ಎತ್ತಿದಾಗ ಪ್ರಸ್ತಾಪ ಓದಿಬಿಡ್ತೀನಿ, ಉಳಿದವರಿಗೆ ಹೇಳ್ಬೇಡ ಅಂತ ಎಂದ. ಎಲ್ಲಾ ತಿಳಿದೂ ನನ್ನ ಮನೆಯಲ್ಲಿ ಕೂತು ಉಂಡೆಯಾ ಎಂದು ಕೇಳಿದೆ. ಅವನ ಮನೆ ಮೇಲ್ಬೀದಿಯಲ್ಲಿದೆ. ನೀರು ಎಲ್ಲಿಗಾದ್ರೂ ಹೋಗ್ಲೇಬೇಕಲ್ಲಾ ಕೂಮಾ ಎಂದ. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡು, ಈ ಮಾತು ನಮ್ಮಿಬ್ಬರಲ್ಲೇ ಇರ್ಲಿ, ನನ್ನ ಹೆಸರು ಮಾತ್ರ ಎಲ್ಲೂ ಹೇಳ್ಬೇಡ ಎಂದು ಬೇಡಿಕೊಂಡ.

ಎಂಟು ಜನರ ಮಾತಿಗೆ ಅಧ್ಯಕ್ಷನ ಮಾತು ಎದುರು ನಿಲ್ಲುತ್ತದೆ, ಮೊದಲೇ ಯೋಚಿಸಿ ಮಾಡಿದ ಮೋಸ ಅನ್ನಲು ಬೇರೆ ಸಾಕ್ಷಿ ಉಂಟೇ ಎಂದು ತಾವು ಈಗ ಕೇಳಿದ್ದೀರಿ. ಕೂಮ್‌ನನ್ನು ಸಾಕ್ಷಿ ಮಾಡುವುದೋ ಬೇಡವೋ ಎಂದು ರಾತ್ರಿಯಿಡೀ ಯೋಚಿಸಿ ಬಂದಿದ್ದೇನೆ. ನಿನ್ನೆ ಸ್ಲಾವಾ, ಅತಿಥಿ ಕೇಳಿದ್ದಕ್ಕೆ ಇಲ್ಲ ಅನ್ನುವಂತಿಲ್ಲ, ಆಗಲಿ ಎಂದು ತಲೆಯಾಡಿಸಿ ಅವನ ಹೆಂಡತಿಗೆ ಕೇಕ್ ಕಟ್ಟಿಕೊಟ್ಟು ಕಳಿಸಿದೆ. ಇವತ್ತು ಸ್ಲಾವಾ ಅಲ್ಲ. ಸಾಕ್ಷಿ ಮಿಲಿಸಾವ್ ಎಂದು ಬರೆದುಕೊಳ್ಳಿ. ಮನೆ ನಂ. 4, ಮೇಲ್ಬೀದಿ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಲಾಗಿದೆ. ನಾನು ಹೇಳಿದ್ದೇ ಇದೆ. ಒಂದು ಮಾತೂ ಸುಳ್ಳಲ್ಲ.

ಸ್ಥಳ: ಯಾಸೆನೊವ್ ಲುಗ್ ಪೊಲೀಸ್ ಠಾಣೆ
ದಿನಾಂಕ: 20.12.2022
ಸಹಿ: ರುಜಿತ್ಸಾ ವುಯಾಟೊವಿಚ್