ಮೂರು ಏಳು

ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದ ಕಮಲಮ್ಮನಿಗೆ ಕಂಪ್ಯೂಟರಿನ ಗಂಧಗಾಳಿ ಇರಲಿಲ್ಲ. ಆದರೆ ಪಕ್ಕದಲ್ಲಿ ಲ್ಯಾಪ್‌ಟಾಪ್ ಚೀಲ ಹಿಡಿದು ಕೂತವನ ಮುಖ ಹಳಸಿದ ಅನ್ನ ಮೂಸಿದವನಂತಿತ್ತು. ಎಲೆಯಡಿಕೆ ಅಗಿಯುತ್ತಲೇ ಅವಳು ಕಿವಿಗೊಟ್ಟಳು.

"ಕೊಬ್ಬರಿ ಸಂಘದ ಆಫೀಸಲ್ಲಿ ಏನಾಗಿತ್ತು ಹಾಲೇಶಣ್ಣ?" ಎಂದಳು ಅವನ ಜೊತೆಗಿದ್ದವಳು.

"ಲಿನಕ್ಸ್ ಸರ್ವರಿನಾಗೆ ಯಾರಿಗೂ ಮೇಲ್ ಬರ್ತಿರ್ಲಿಲ್ಲ ಅನುಪಮಾ. ಮೇಲ್‌ಬಾಕ್ಸಿನ ಪರ್ಮಿಷನ್ ತಪ್ಪಿತ್ತು. ಅದನ್ನ ಸರಿ ಮಾಡ್ತೀನಂತ ಅಲ್ಲಿನ ಮ್ಯಾನೇಜರ್ ಎಲ್ಲದಕ್ಕೂ ಏಳು ಏಳು ಏಳು, ಅದೇ ಎಲ್ಲರಿಗೂ ಬೀಗ ತೆಗೆಯೋ ನಂಬರು, ಹಾಕಿಬಿಟ್ಟವ್ನೆ."

"ಥೂ! ಹಂಗಾರೆ ಯಾರ ಮೇಲನ್ನ ಯಾರು ಬೇಕಾದ್ರೂ ಓದಬಹುದಲ್ಲ!"

"ಕೇಳಿದ್ರೆ, ನಾವೆಲ್ಲ ಒಂದೇ ಮಠದ ಭಕ್ತರು, ನಮ್ಮೊಳಗೆ ಬೀಗ ಯಾಕ್ರಿ ಅಂತಾನೆ."

"ಯಾರಾದ್ರೂ ಓದಿದ್ರಾ?"

"ಅವನೇ ಓದವ್ನೆ. ಟೈಪಿಸ್ಟ್ ದಾಕ್ಷಾಯಿಣಿ ಅವನ ಕಾಟ ತಡೀಲಾರದೆ ಅಧ್ಯಕ್ಷರಿಗೆ ಮೇಲ್‌ನಾಗೆ ದೂರು ಬರೆದಿದ್ಲು. ಚಾ ಕುಡಿಯೋವಾಗ ಎಲ್ಲರ ಮುಂದೆ ಅದನ್ನ ಓದಿ ನಕ್ಕವ್ನೆ."

ಕಮಲಮ್ಮ ಅಗಿಯುವುದನ್ನು ನಿಲ್ಲಿಸಿದಳು.

"ನೀವೇನ್ ಮಾಡಿದ್ರಿ?"

"ಅವರವರ ಮೇಲ್ ಅವರವರಿಗೆ ಮಾತ್ರ ಕಾಣೋ ಹಂಗೆ ಮಾಡಿ, ಅಡ್ಮಿನ್ ಪಾಸ್‌ವರ್ಡ್ ಅಧ್ಯಕ್ಷರ ಕೈಗೇ ಕೊಟ್ಟು ಬಂದೆ."

ಹೊಳಲ್ಕೆರೆ ಬಸ್ಸು ಬಂದು ನಿಂತಿತು. ಅಷ್ಟರಲ್ಲಿ ಹಾಲೇಶನ ಫೋನು ರಿಂಗಾಯಿತು. ಕೇಳಿಸಿಕೊಂಡವನು ಅಂಗೈಯಲ್ಲಿ ಫೋನು ಮುಚ್ಚಿ ಅನುಪಮಾಳ ಕಡೆ ತಿರುಗಿದ.

"ಆ ಮ್ಯಾನೇಜರೇ. ಸರ್ವರ್ ಇನ್ನೂ ಕೆಟ್ಟೇ ಐತಂತೆ. ದಾಕ್ಷಾಯಿಣಿಯ ಮೇಲ್ ಅವನಿಗೆ ಓಪನ್ ಆಗ್ತಾ ಇಲ್ಲವಂತೆ. ವಾಪಸ್ ಬಂದು ರಿಪೇರಿ ಮಾಡ್ರಿ ಅಂತಾನೆ."

ಫೋನನ್ನು ಕಿವಿಗಿಟ್ಟು, "ಹಂಗಾರೆ ಸರಿಯಾಗೈತೆ ಬಿಡ್ರಿ," ಎಂದು ಕಟ್ ಮಾಡಿದ. ಇಬ್ಬರೂ ಬಸ್ ಹತ್ತಿದರು.

ಕಮಲಮ್ಮ ಎದ್ದು ಮೋರಿಯ ಹತ್ತಿರ ಹೋಗಿ, ಅರ್ಧ ಅಗಿದಿದ್ದ ಎಲೆಯಡಿಕೆಯನ್ನು ಥೂ ಎಂದು ಉಗಿದಳು.