ಓದಿ ಹೇಳಲಾಗಿದೆ

ಕನ್ನಡ ಸಂಘದ ಅಧ್ಯಕ್ಷರಾದ ಉಪೇಂದ್ರ ಅವರೇ, ಮುಖ್ಯ ಅತಿಥಿಗಳಾದ ವಕೀಲೆ ಮಧುರಾ ಅವರೇ, ಕುಷಾಯಿಗೂಡದವರೇ, ಮಣಿಕೊಂಡದಿಂದ ಅಷ್ಟೂ ಟ್ರಾಫಿಕ್ ದಾಟಿ ಬಂದಿರುವ ಬಂಧುಗಳೇ, ಬಾಗಿಲ ಬಳಿ ಇನ್ನೂ ನಿಂತೇ ಇರುವ ಸಭಿಕರೇ,

ಮಾನವ ಹಕ್ಕುಗಳ ದಿನದಂದು ಹಣಮಂತರಾಯ ಎಂಬ ಈ ನಿವೃತ್ತ ಫಿಟ್ಟರನನ್ನು ಸನ್ಮಾನಕ್ಕೆ ಕರೆದಿದ್ದೀರಿ. ಸನ್ಮಾನಪತ್ರವನ್ನು ಮೊದಲು ಓದಲು ಕೊಡಿ ಎಂದು ನಾನು ಹಟ ಹಿಡಿದಾಗ ಅಧ್ಯಕ್ಷರು ನಕ್ಕರು. "ಅದನ್ನ ಯಾರ್ ಓದ್ತಾರ್ರೀ ರಾಯರ, ಫ್ರೇಮ್ ಹಾಕಿಸ್ತಾರ" ಅಂದರು. ನಾನು ಓದಿದೆ. ಪೊಲೀಸ್ ಠಾಣೆಗಳಲ್ಲಿ ದುಭಾಷಿಯಾಗಿ ನಿಂತು ಕನ್ನಡದ ಕೂಲಿಕಾರರ ಹಕ್ಕು ಕಾಪಾಡಿದವರು ಎಂದು ಮೂರನೆಯ ಸಾಲಿನಲ್ಲಿದೆ. ಆ ಸಾಲಿನ ಬಗ್ಗೆಯೇ ನನ್ನ ಮಾತು.

ಈ ತೆಲುಗು ಊರಿಗೆ ಬಂದು ನಲವತ್ತು ವರ್ಷವಾಯಿತು. ನಮ್ಮವರ ಒಂದು ಹಮ್ಮು ನಿಮಗೂ ಗೊತ್ತು. ತೆಲುಗು ಅಕ್ಷರ ನಮ್ಮ ಅಕ್ಷರದ ಹಾಗೆಯೇ ಕಾಣುತ್ತದೆ. ಅಂಗಡಿಯ ಬೋರ್ಡು ಓದುತ್ತೇವೆ, ಬಸ್ಸಿನ ಬೋರ್ಡು ಓದುತ್ತೇವೆ, ತೆಲುಗು ಬರುತ್ತದೆ ಎನ್ನುತ್ತೇವೆ. ತೆಲುಗಿನ ಕೈಬರಹವನ್ನು ಎಷ್ಟು ಜನ ಓದಿದ್ದೇವೆ? ನಾನಂತೂ ಓದಿರಲಿಲ್ಲ. ಅಲ್ಲಿ ಕೂತಿರುವ ನನ್ನ ಹೆಂಡತಿ ಶಿವದೇವಿ ಇದೇ ಊರಿನ ತೆಲುಗು ಶಾಲೆಯಲ್ಲಿ ಕಲಿತವಳು. ಮನೆಗೆ ಬಂದ ಕಾಗದಪತ್ರ ಓದುವವಳು ಅವಳು, ಊರಿಗೆ ದುಭಾಷಿ ಮಾತ್ರ ನಾನು. ಠಾಣೆಯಿಂದ "ಕನ್ನಡ ಸಾರ್" ಎಂದು ಫೋನ್ ಬಂದರೆ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಡುತ್ತಿದ್ದೆ. ಅಲ್ಲಿ ನನಗೆ ಕುರ್ಚಿ ಕೊಡುತ್ತಿದ್ದರು. ಆ ಕುರ್ಚಿ ನನಗೆ ಭಾಳ ಹಿಡಿಸಿತ್ತು.

ಎರಡು ವರ್ಷದ ಹಿಂದೆ ಅಂಥದೇ ಒಂದು ಫೋನ್ ಬಂತು. ಯಾದಗಿರಿ ಕಡೆಯ ಗದಿಗೆಮ್ಮ ಎಂಬ ಹೆಣ್ಣುಮಗಳು ಉಪ್ಪಲ್‌ನ ಒಂದು ಫ್ಲ್ಯಾಟಿನಲ್ಲಿ ಕಸ ಮುಸುರೆ ಮಾಡುತ್ತಿದ್ದಳು. ಆ ಮನೆಯಲ್ಲಿ ಎರಡು ಬಂಗಾರದ ಬಳೆ ಕಳೆದಿದ್ದವು. ನಾನು ಹೋಗುವಷ್ಟರಲ್ಲಿ ಬಳೆಗಳು ಠಾಣೆಯ ಮೇಜಿನ ಮೇಲಿದ್ದವು. ಪಂಚನಾಮೆಯೂ ಮೂರು ಹಾಳೆ ತುಂಬ ಬರೆದಾಗಿತ್ತು. ಏನು ಬರೆದಿದ್ದೀರಿ ಎಂದು ರೈಟರನನ್ನು ಕೇಳಿದೆ. "ಆಮೆ ಚೆಪ್ಪಿಂದೇ ಸಾರ್, ಸಂತಕಂ ಪೆಟ್ಟಂಡಿ" ಅಂದ. ಅವಳು ಹೇಳಿದ್ದೇ ಇದೆ, ಸಹಿ ಹಾಕಿ ಎಂದು.

ಹಾಳೆ ಕೈಗೆ ತೆಗೆದುಕೊಂಡೆ. ಮೊದಲ ಸಾಲೇ ದಾಟಲಾಗಲಿಲ್ಲ. ಓದಲು ಬರುವುದಿಲ್ಲ ಎಂದು ಹೇಳಬಹುದಿತ್ತು. ಆ ಕುರ್ಚಿಯಲ್ಲಿ ಕೂತು ಹೇಗೆ ಹೇಳಲಿ? ಹಾಳೆ ತಿರುವಿದೆ, ತಲೆ ಆಡಿಸಿದೆ. ನೆಲದ ಮೇಲೆ ಕೂತಿದ್ದ ಗದಿಗೆಮ್ಮ ಕೇಳಿದಳು, "ಏನ್ ಬರದಾರ್ರೀ ಅಣ್ಣಾರ?"

"ನೀ ಹೇಳಿದ್ದ ಬರದಾರ ತಂಗಿ, ಹೆಬ್ಬಟ್ಟ ಒತ್ತು" ಅಂದೆ.

ಕನ್ನಡದವನು ಹೇಳಿದನಲ್ಲ, ಒತ್ತಿದಳು. ರೈಟರ್ ಬೆರಳಿಟ್ಟು ತೋರಿಸಿದಲ್ಲಿ ನಾನೂ ಸಹಿ ಹಾಕಿದೆ. ಜಾಮೀನಿಗೆ ನಿಲ್ಲುವವರು ಈ ಊರಲ್ಲಿ ಅವಳಿಗೆ ಯಾರೂ ಇರಲಿಲ್ಲ. ಜಾಮೀನು ಸಿಗುವಷ್ಟರಲ್ಲಿ ಒಂಬತ್ತು ತಿಂಗಳು ಜೈಲಿನಲ್ಲಿ ಕಳೆದಿದ್ದಳು.

ಸಭಿಕರೇ, ನಮ್ಮದು ಬಹಳ ದೊಡ್ಡ ಪ್ರಜಾಪ್ರಭುತ್ವ. ಸಂವಿಧಾನವಿದೆ, ನ್ಯಾಯಾಲಯಗಳಿವೆ, ಆಯೋಗಗಳಿವೆ. ಅವುಗಳ ಮೇಲೆ ನನಗೆ ಗೌರವವಿದೆ. ಆದರೆ ಅವತ್ತು ಆ ಕೋಣೆಯಲ್ಲಿ ಅವು ಯಾವುವೂ ಇರಲಿಲ್ಲ. ಅವುಗಳ ಪರವಾಗಿ ಕುರ್ಚಿ ಹಾಕಿಕೊಂಡು ನಾನು ಕೂತಿದ್ದೆ. ನನ್ನ ಮರ್ಯಾದೆಯ ಚಿಂತೆಯಲ್ಲಿ ಅವಳ ಹಕ್ಕನ್ನು ಬಿಟ್ಟುಕೊಟ್ಟೆ.

ಆಮೇಲೆ ಅವಳ ಅಕ್ಕ ಬಸಲಿಂಗಮ್ಮ ಆ ಪಂಚನಾಮೆಯ ನಕಲು ಹಿಡಿದು, ಓದಿ ಹೇಳ್ರಿ ಎಂದು ನಮ್ಮ ಮನೆಗೇ ಬಂದಳು. ನಾನು ಚಷ್ಮಾ ಹುಡುಕತೊಡಗಿದೆ. ಚಷ್ಮಾ ಮೂಗಿನ ಮೇಲೇ ಇತ್ತು. ನಗಬೇಡಿ, ಶಿವದೇವಿ ಅವತ್ತು ನಗಲಿಲ್ಲ. ಕೈ ಒರೆಸಿಕೊಂಡು ಬಂದು ಮೂರೂ ಹಾಳೆ ಓದಿದಳು. "ಆಕಿ ಗಂಟಿನ್ಯಾಗಿಂದ ಬಳಿ ತಗದದ್ದನ್ನ ನೀವು ಕಣ್ಣಾರೆ ಕಂಡೀರಿ ಅಂತ ಬರದೈತಿ. ಕಂಡೀರೇನ್ರೀ?" ಎಂದು ಕೇಳಿದಳು. ಒಂದೇ ಸಲ ಕೇಳಿದಳು. ಇವತ್ತಿನವರೆಗೂ ಮತ್ತೆ ಕೇಳಿಲ್ಲ.

ಬರುವ ಗುರುವಾರ ಕೋರ್ಟಿನಲ್ಲಿ ನನ್ನ ಸಾಕ್ಷಿ. ಈ ಸಹಿ ನಿಮ್ಮದೇ ಎಂದು ಕೇಳುತ್ತಾರೆ, ಹೌದು ಎನ್ನುತ್ತೇನೆ. ಕಂಡಿರಾ ಎಂದು ಕೇಳುತ್ತಾರೆ; ಇಲ್ಲ ಎನ್ನುತ್ತೇನೆ. ಹಾಗೆ ಹೇಳಿದರೆ ಏನಾಗುತ್ತದೆ ಎಂದು ಈಗ ಚಹಾ ಕುಡಿಯುವಾಗ ಮಧುರಾ ಅವರನ್ನು ಕೇಳಿದೆ. "ನಿಮ್ಮ ಮೇಲೂ ಕೇಸ್ ಆಗಬಹುದು ಸರ್" ಅಂದರು. ಹೆದರಿಕೆ ಇದೆ. ಆದರೂ ಹೋಗುತ್ತೇನೆ.

ಅಧ್ಯಕ್ಷರೇ, ಆ ಶಾಲು ಮಡಚಿಯೇ ಇರಲಿ. ಗದಿಗೆಮ್ಮ ಇಲ್ಲಿಗೆ ಬಂದಿದ್ದಾಳೆ. ಬಾಗಿಲ ಬಳಿ, ಹಸಿರು ಸೀರೆ. ಯಾರಾದರೂ ಅವಳಿಗೊಂದು ಕುರ್ಚಿ ಕೊಡಿ.

ಅವತ್ತು ಶಿವದೇವಿ ಆ ಪಂಚನಾಮೆ ಓದುತ್ತ ಹೋದಳು, ನಾನು ಕನ್ನಡದಲ್ಲಿ ಬರೆದುಕೊಂಡೆ. ಆ ಹಾಳೆ ಇದು. ಇಲ್ಲಿ ಓದಲೇ ಎಂದು ಗದಿಗೆಮ್ಮನನ್ನು ಕೇಳಿದ್ದೆ. "ಕಳ್ಳಿ ಅಂತ ಎಲ್ಲಾರ ಮುಂದ ಅಂದಾರ್ರೀ, ಇದನ್ನೂ ಎಲ್ಲಾರ ಮುಂದ ಓದ್ರಿ" ಅಂದಳು. ಓದುತ್ತೇನೆ.

"ನಾನು ಗದಿಗೆಮ್ಮ, ಯಾರ ಒತ್ತಾಯವೂ ಇಲ್ಲದೆ ಹೇಳುವುದೇನೆಂದರೆ, ಸದರಿ ಬಳೆಗಳನ್ನು ನಾನೇ ಕದ್ದು ನನ್ನ ಬಟ್ಟೆಯ ಗಂಟಿನಲ್ಲಿ ಇಟ್ಟಿದ್ದೆನು. ಪಂಚರ ಎದುರಿನಲ್ಲಿ ನಾನೇ ತೆಗೆದುಕೊಟ್ಟಿರುತ್ತೇನೆ. ಇದನ್ನು ಹಣಮಂತರಾಯರಿಂದ ಆರೋಪಿಗೆ ಅವಳ ಮಾತೃಭಾಷೆಯಲ್ಲಿ ಓದಿ ಹೇಳಲಾಗಿದೆ. ಸರಿಯಿದೆ ಎಂದು ಆರೋಪಿ ಒಪ್ಪಿರುತ್ತಾಳೆ."

ಓದಿ ಹೇಳಿದ್ದು ಇವತ್ತು, ತಂಗಿ. ಒಪ್ಪುವುದು ಬಿಡುವುದು ಇನ್ನು ನಿನಗೆ ಸೇರಿದ್ದು.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ಗದಿಗೆಮ್ಮ, ನಿನಗೆ ನಮಸ್ಕಾರ.